ಕಡಲಪಾಚಿಯ ಹಾಳೆ: ಮಾಡುವ ಬಗೆ, ಕೆಡುವ ಬಗೆ, ಅಂಗಡಿಗೆ ಒಪ್ಪಿಸುವ ಬಗೆ

ಕಡಲಪಾಚಿಯಿಂದ ಪ್ಯಾಕಿಂಗ್ ಹಾಳೆ ಮಾಡಲು ಬೇಕಾದ ಮುಖ್ಯ ಸಾಮಗ್ರಿ ಊರಿನ ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಜೆಲ್ಲಿ, ಪುಡಿಂಗ್ ಮಾಡಲು ಕೊಳ್ಳುವ ಚೀನಾ ಗ್ರಾಸ್ ಅಂದರೆ ಅಗರ್, ಕೆಂಪು ಪಾಚಿಯಿಂದ ತೆಗೆದದ್ದು. ಒಂದು ಒಲೆ, ಒಂದು ತಟ್ಟೆ, ಎರಡು ದಿನದ ತಾಳ್ಮೆ ಇದ್ದರೆ ಪಾರದರ್ಶಕ ಹಾಳೆ ಕೈಗೆ ಬರುತ್ತದೆ. ಕಾಲೇಜಿನ ಇಕೋ ಕ್ಲಬ್, ಎನ್‌ಎಸ್‌ಎಸ್ ಘಟಕ, ಊರಿನ ಯುವಕ ಸಂಘ, ಯಾರು ಬೇಕಾದರೂ ಇಲ್ಲಿಯವರೆಗೆ ಬರಬಹುದು. ಹೆಚ್ಚಿನವರು ನಿಲ್ಲುವುದೂ ಇಲ್ಲಿಯೇ. ಹಾಳೆಯನ್ನು ವಿಜ್ಞಾನ ಮೇಳದಲ್ಲಿ ತೋರಿಸಿ, ‘ಇನ್ನು ಪ್ಲಾಸ್ಟಿಕ್ ಬೇಡ’ ಎಂದು ಭಾಷಣ ಮಾಡಿ ಮುಗಿಸುತ್ತಾರೆ. ಅಂಗಡಿಯವರು ಮಾತ್ರ ‘ಇದರಲ್ಲಿ ಸಾಂಬಾರ್ ಕಟ್ಟಿಕೊಡೋಕಾಗತ್ತಾ?’ ಎಂದು ಕೇಳುತ್ತಾರೆ. ಆಗುವುದಿಲ್ಲ. ಆದ್ದರಿಂದ ಒಲೆ ಹಚ್ಚುವ ಮುಂಚೆ, ಯಾವ ವಸ್ತುವಿಗಾಗಿ ಹಾಳೆ ಮಾಡುತ್ತೀರಿ ಎಂಬುದನ್ನು ತೀರ್ಮಾನಿಸಿ.

ಯಾವುದಕ್ಕೆ ಹೊಂದುತ್ತದೆ, ಯಾವುದಕ್ಕೆ ಇಲ್ಲ

ಪಾಚಿಯ ಹಾಳೆಗೆ ನೀರೇ ಶತ್ರು. ಅಗರ್ ಆಗಲಿ, ಪಾಚಿಯಿಂದಲೇ ತೆಗೆಯುವ ಆಲ್ಜಿನೇಟ್, ಕ್ಯಾರಗೀನನ್ ಆಗಲಿ, ಎಲ್ಲವೂ ನೀರನ್ನು ಹೀರುವ ಜಾತಿಯವು. ಎಣ್ಣೆ, ತುಪ್ಪಗಳ ಮಟ್ಟಿಗೆ ಇದು ತಿರುವುಮುರುವು: ಒಣಗಿದ ಹಾಳೆ ಜಿಡ್ಡನ್ನು ಚೆನ್ನಾಗಿ ತಡೆಯುತ್ತದೆ, ಆಮ್ಲಜನಕವನ್ನೂ ತಡೆಯುತ್ತದೆ. ಈ ಎರಡು ಗುಣಗಳನ್ನು ಮುಂದಿಟ್ಟುಕೊಂಡರೆ ಆಯ್ಕೆ ಸುಲಭ.

ಹಾಲು, ಮಜ್ಜಿಗೆ, ದೋಸೆ ಹಿಟ್ಟು, ಬಿಸಿ ಸಾಂಬಾರ್ ಇವುಗಳ ಆಸೆ ಬಿಡಿ. ಅಗರ್ ಸುಮಾರು 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕುದಿಯುವ ಸಾರು ಸುರಿದರೆ ಚೀಲವೂ ಸಾರಿನಲ್ಲೇ ಸೇರಿಹೋಗುತ್ತದೆ. ಉಪ್ಪಿನಕಾಯಿಗೂ ಬೇಡ, ಕಾರಣ ಮುಂದೆ ಬರುತ್ತದೆ. ಕಾಫಿ ಪುಡಿ ಒಣ ವಸ್ತುವೇ ಆದರೂ ತೇವ ತಗುಲಿದರೆ ಕೆಡುತ್ತದೆ. ಹಾಳೆ ಗಾಳಿಯ ತೇವವನ್ನು ಒಳಗೆ ಬಿಟ್ಟುಕೊಳ್ಳುವುದರಿಂದ ಅದೂ ಪಟ್ಟಿಯಿಂದ ಹೊರಗೆ.

ಹಾಗಾದರೆ ಉಳಿದದ್ದೇನು? ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಸಿಹಿತಿಂಡಿ ಡಬ್ಬಿ, ಆಮಂತ್ರಣ ಪತ್ರಿಕೆ, ಸಿಗರೇಟ್ ಪ್ಯಾಕ್‌ಗಳ ಮೇಲೆ ಸುತ್ತುವ ತೆಳು ಹಾಳೆಯೂ ಇದೆ. ಮೊದಲ ಎರಡರಿಂದಲೇ ಶುರುಮಾಡಿ. ಮದುವೆ ಪತ್ರಿಕೆಯ ಹೊದಿಕೆ ಒಣಗಿರುತ್ತದೆ, ತಿನ್ನುವ ಪದಾರ್ಥವಲ್ಲ, ಬಾಳಿಕೆ ಎರಡು ಮೂರು ವಾರ ಸಾಕು, ಹಂಚುವವರಿಗೂ ‘ಇದು ಪಾಚಿಯದ್ದು’ ಎಂದು ಹೇಳಿಕೊಳ್ಳುವ ಹೆಮ್ಮೆ. ಸಿಹಿ ಡಬ್ಬಿಯ ಹೊರಸುತ್ತು ತಿಂಡಿಗೆ ನೇರವಾಗಿ ತಾಗುವುದಿಲ್ಲ. ಇವೆರಡರ ಜೊತೆಗೆ ಕೈಯಲ್ಲಿ ಮಾಡಿದ ಸೋಪು, ಊದುಬತ್ತಿ, ತರಕಾರಿ ಬೀಜದ ಪೊಟ್ಟಣ, ದೇವಸ್ಥಾನದಲ್ಲಿ ಕೊಡುವ ಕುಂಕುಮದ ಪೊಟ್ಟಣ. ಇಷ್ಟರಲ್ಲಿ ಒಂದನ್ನು ಹಿಡಿಯಿರಿ. ಒಂದೇ ಒಂದನ್ನು.

ಸಾಮಗ್ರಿ ಕೊಳ್ಳುವಾಗ

ಅಗರ್ ಪುಡಿಯನ್ನೇ ಕೊಳ್ಳಿ, ಎಳೆಯಾಗಿ ಬರುವ ಚೀನಾ ಗ್ರಾಸ್ ಕರಗಲು ಹೆಚ್ಚು ಹೊತ್ತು ಬೇಕು. ಪೊಟ್ಟಣದ ಮೇಲೆ ಐಎನ್‌ಎಸ್ 406 ಎಂದು ಇರಲಿ (ಆಹಾರಕ್ಕೆ ಬೆರೆಸುವ ಪದಾರ್ಥಗಳಿಗೆ ಕೊಡುವ ಅಂತರರಾಷ್ಟ್ರೀಯ ಸಂಖ್ಯೆ ಇದು). ‘ಜೆಲ್ಲಿ ಮಿಕ್ಸ್’ ಹೆಸರಿನದರಲ್ಲಿ ಸಕ್ಕರೆಯೇ ಹೆಚ್ಚು, ಅದರಿಂದ ಹಾಳೆ ಬರುವುದಿಲ್ಲ. ಅನುಮಾನವಿದ್ದರೆ 100 ಮಿ.ಲೀ. ನೀರಿಗೆ 1 ಗ್ರಾಂ ಹಾಕಿ ಕುದಿಸಿ ಬಟ್ಟಲಿನಲ್ಲಿ ಬಿಡಿ. ತಣ್ಣಗಾದ ಮೇಲೆ ಬೆರಳಿಗೆ ಗಟ್ಟಿಯಾಗಿ ಸಿಗಬೇಕು. ಲೋಳೆಯಂತೆ ಜಾರಿದರೆ ಆ ಪುಡಿಯನ್ನು ಅಡುಗೆಮನೆಗೆ ಬಿಟ್ಟುಕೊಡಿ.

ಎರಡನೆಯದು ಗ್ಲಿಸರಿನ್, ಐಎನ್‌ಎಸ್ 422. ಔಷಧ ಅಂಗಡಿಯಲ್ಲಿ ಸಿಗುತ್ತದೆ. ಹಾಳೆಗೆ ಬಳುಕು ಕೊಡುವುದು ಇದೇ. ಉಳಿದಂತೆ 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಅಡುಗೆಯ ಥರ್ಮಾಮೀಟರ್, ಚಹಾ ಜಾಲರಿ, 30×35 ಸೆಂ.ಮೀ. ಅಳತೆಯ ಚಪ್ಪಟೆ ತಟ್ಟೆ. ಸ್ಟೀಲ್ ತಟ್ಟೆಗೆ ಹಾಳೆ ಕಚ್ಚಿಕೊಳ್ಳುತ್ತದೆ. ತಟ್ಟೆಯ ತಳಕ್ಕೆ ಸಿಲಿಕೋನ್ ಮ್ಯಾಟ್ ಅಥವಾ ಅಕ್ರಿಲಿಕ್ ಫಲಕ ಬೇಕು. ಪ್ಲಾಸ್ಟಿಕ್‌ಗೆ ಬದಲಿ ಮಾಡಹೊರಟು ಪ್ಲಾಸ್ಟಿಕ್ ಫಲಕದ ಮೇಲೆಯೇ ಒಣಗಿಸುವುದು ವ್ಯಂಗ್ಯವೇ ಸರಿ, ಆದರೆ ಒಂದು ಫಲಕ ವರ್ಷಗಟ್ಟಲೆ ಬರುತ್ತದೆ.

ಕಾರವಾರ, ಹೊನ್ನಾವರ, ಭಟ್ಕಳದ ಕಡೆಯವರಿಗೆ ಒಂದು ಮಾತು. ಬಂಡೆಗೆ ಅಂಟಿಕೊಂಡು ಬೆಳೆದ ಪಾಚಿಯನ್ನು ಕಿತ್ತು ತರಬೇಡಿ. ಮರಿ ಮೀನುಗಳು ಬೆಳೆಯುವುದು ಅದರ ನೆರಳಲ್ಲೇ. ಜೊತೆಗೆ ಹಸಿ ಪಾಚಿಯಲ್ಲಿ ಉಪ್ಪು, ಮರಳು, ಕೆಲವೊಮ್ಮೆ ಭಾರ ಲೋಹಗಳೂ ಇರುತ್ತವೆ. ಅವನ್ನು ತೆಗೆಯುವುದು ಕಾಲೇಜು ಪ್ರಯೋಗಾಲಯದ ಕೆಲಸವಲ್ಲ. ಬೆಳೆಸಿದ ಪಾಚಿಯ ಉತ್ಪನ್ನವನ್ನೇ ಬಳಸಿ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಕರಾವಳಿಯಲ್ಲಿ ಬಿದಿರಿನ ತೆಪ್ಪಗಳ ಮೇಲೆ ಕಪ್ಪಾಫೈಕಸ್ ಎಂಬ ಕೆಂಪು ಪಾಚಿ ಬೆಳೆಯುತ್ತಾರೆ, ಸುಮಾರು 45 ದಿನಕ್ಕೊಂದು ಕೊಯ್ಲು. ಕ್ಯಾರಗೀನನ್ ಬರುವುದು ಇದರಿಂದ.

ಅಗರ್ ಹಾಳೆ

ಒಂದು ತಟ್ಟೆಗೆ ಅಳತೆ: ನೀರು 400 ಮಿ.ಲೀ., ಅಗರ್ 6 ಗ್ರಾಂ, ಗ್ಲಿಸರಿನ್ 2.4 ಗ್ರಾಂ, ಅಂದರೆ ಸುಮಾರು 2 ಮಿ.ಲೀ. ಈ ಲೆಕ್ಕದಲ್ಲಿ ದ್ರಾವಣ ತಟ್ಟೆಯಲ್ಲಿ ಸುಮಾರು 4 ಮಿ.ಮೀ. ಆಳ ನಿಲ್ಲುತ್ತದೆ, ಒಣಗಿದ ಮೇಲೆ 60ರಿಂದ 70 ಮೈಕ್ರಾನ್ ದಪ್ಪದ ಹಾಳೆಯಾಗುತ್ತದೆ. ತಟ್ಟೆ ದೊಡ್ಡದಾದರೆ ವಿಸ್ತೀರ್ಣದ ಪ್ರಮಾಣದಲ್ಲಿ ಎಲ್ಲವನ್ನೂ ಹೆಚ್ಚಿಸಿ.

1. ಪುಡಿಯನ್ನು ತಣ್ಣೀರಿಗೆ ಉದುರಿಸಿ 15 ನಿಮಿಷ ನೆನೆಯಲು ಬಿಡಿ. ಬಿಸಿನೀರಿಗೆ ನೇರವಾಗಿ ಹಾಕಿದರೆ ಗಂಟು ಕಟ್ಟುತ್ತದೆ, ಆ ಗಂಟು ಮತ್ತೆ ಸುಲಭವಾಗಿ ಕರಗುವುದಿಲ್ಲ.

2. ಸಣ್ಣ ಉರಿಯಲ್ಲಿ ಕಲಕುತ್ತಾ ಕುದಿಗೆ ತನ್ನಿ. 90 ಡಿಗ್ರಿ ದಾಟಿದ ಮೇಲೆ ಐದು ನಿಮಿಷ ಹಾಗೆಯೇ ಇಡಿ. ಚಮಚದಲ್ಲಿ ಎತ್ತಿ ಬೆಳಕಿಗೆ ಹಿಡಿದರೆ ಕಣಗಳು ಕಾಣಬಾರದು. ಆವಿಯಾಗಿ ಹೋದಷ್ಟು ಬಿಸಿನೀರನ್ನು ಸೇರಿಸಿ 400 ಮಿ.ಲೀ.ಗೆ ತನ್ನಿ.

3. ಗ್ಲಿಸರಿನ್ ಹಾಕಿ ನಿಧಾನವಾಗಿ ಕಲಕಿ. ಜೋರಾಗಿ ಕಲಕಿದರೆ ಗುಳ್ಳೆ ಏಳುತ್ತದೆ, ಒಂದೊಂದು ಗುಳ್ಳೆಯೂ ಮುಂದೆ ಒಂದೊಂದು ತೂತು.

4. 65 ಡಿಗ್ರಿಗೆ ಇಳಿಯುವವರೆಗೆ ಕಾಯಿರಿ. ಅಷ್ಟರಲ್ಲಿ ಗುಳ್ಳೆ ಮೇಲೆ ಬಂದಿರುತ್ತದೆ, ನೊರೆಯನ್ನು ಚಮಚದಿಂದ ತೆಗೆಯಿರಿ. ತೀರಾ ಕಾಯುವುದೂ ತಪ್ಪು. 40 ಡಿಗ್ರಿಯ ಆಸುಪಾಸಿನಲ್ಲಿ ಅಗರ್ ಹೆಪ್ಪುಗಟ್ಟಲು ತೊಡಗುತ್ತದೆ, ಆಗ ಹೊಯ್ದರೆ ಹಾಳೆ ಅಲೆ ಅಲೆಯಾಗುತ್ತದೆ.

5. ಜಾಲರಿಯ ಮೂಲಕ ತಟ್ಟೆಗೆ ಹೊಯ್ಯಿರಿ. ತಟ್ಟೆ ಸಮವಾಗಿದೆಯೇ ಎಂದು ಗಾರೆ ಕೆಲಸದವರ ರಸಮಟ್ಟ ಇಟ್ಟು ಮೊದಲೇ ನೋಡಿಕೊಂಡಿರಬೇಕು. ಒಂದು ತುದಿ 1 ಮಿ.ಮೀ. ತಗ್ಗಿದ್ದರೂ ಹಾಳೆಯ ಎರಡು ಬದಿಯ ದಪ್ಪದಲ್ಲಿ ಕಾಲುಭಾಗದಷ್ಟು ವ್ಯತ್ಯಾಸ ಬೀಳುತ್ತದೆ.

6. ಹೆಪ್ಪುಗಟ್ಟಿದ ಮೇಲೆ ನೆರಳಿನಲ್ಲಿ, ಫ್ಯಾನ್ ಗಾಳಿ ನೇರವಾಗಿ ಬಡಿಯದ ಕಡೆ ಒಣಗಿಸಿ. ಬಯಲುಸೀಮೆಯ ಬೇಸಿಗೆಯಲ್ಲಿ ಒಂದೂವರೆ ದಿನ ಸಾಕು. 45 ಡಿಗ್ರಿಗೆ ಇಟ್ಟ ಪ್ರಯೋಗಾಲಯದ ಓವನ್ ಇದ್ದರೆ ಒಂದು ದಿನ.

7. ಅಂಚನ್ನು ಬ್ಲೇಡ್‌ನಿಂದ ಎಬ್ಬಿಸಿ ಒಂದು ಮೂಲೆಯಿಂದ ಎಳೆಯಿರಿ. ಕೈಗೆ ತಣ್ಣನೆ ಅನ್ನಿಸಿದರೆ ಇನ್ನೂ ನೀರಿದೆ ಎಂದರ್ಥ, ಅರ್ಧ ದಿನ ಬಿಡಿ.

ಹಾಳೆ ಕೆಟ್ಟರೆ

ಅತಿ ಹೆಚ್ಚು ತೊಂದರೆ ಕೊಡುವುದು ಗ್ಲಿಸರಿನ್ ಪ್ರಮಾಣ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದು ಹಾಳೆಯಲ್ಲಿ ಹಿಡಿದಿಡುತ್ತದೆ, ಮೃದುತನ ಬರುವುದರಲ್ಲಿ ಆ ತೇವದ ಪಾಲೂ ದೊಡ್ಡದು. ಹಾಗಾಗಿ ಕಲಬುರಗಿಯ ಏಪ್ರಿಲ್‌ಗೂ ಮಂಗಳೂರಿನ ಜುಲೈಗೂ ಒಂದೇ ಅಳತೆ ನಡೆಯುವುದಿಲ್ಲ. ಮೇಲೆ ಕೊಟ್ಟಿರುವುದು ಅಗರ್‌ನ ತೂಕದ 40 ಪ್ರತಿಶತ. ಬೆಂಗಳೂರು, ಮೈಸೂರಿನ ಹವೆಗೆ ಇದು ಸರಿ. ಒಣ ಊರಿನಲ್ಲಿ ಹಾಳೆ ಹಪ್ಪಳದಂತೆ ಮುರಿದರೆ 50 ಪ್ರತಿಶತಕ್ಕೆ, ಅಂದರೆ 3 ಗ್ರಾಂಗೆ ಏರಿಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ 30 ಪ್ರತಿಶತಕ್ಕೆ, 1.8 ಗ್ರಾಂಗೆ ಇಳಿಸಿ. ಇಲ್ಲವಾದರೆ ಹಾಳೆಗಳು ಒಂದಕ್ಕೊಂದು ಅಂಟಿ ಕಂತೆಯೇ ಹಾಳು. 60 ಪ್ರತಿಶತ ದಾಟಿದರೆ ಯಾವ ಊರಿನಲ್ಲಾದರೂ ಗ್ಲಿಸರಿನ್ ಹೊರಗೆ ಒಸರಿ ಪತ್ರಿಕೆಯ ಮೇಲೆ ಜಿಡ್ಡು ಕಲೆ ಮಾಡುತ್ತದೆ. ಹಾಳೆ ಮಾಡಿದ ಊರು ಒಂದು, ಬಳಸುವ ಊರು ಇನ್ನೊಂದು ಆದರೆ ಬಳಸುವ ಊರಿನ ಹವೆಗೇ ಅಳತೆ ಹಿಡಿಯಿರಿ.

ಅಂಚು ಮೇಲಕ್ಕೆ ಸುರುಳಿಯಾದರೆ ಬೇಗ ಒಣಗಿದೆ ಎಂದರ್ಥ. ಮೇಲ್ಮೈ ಮೊದಲು ಕುಗ್ಗಿ ಅಂಚನ್ನು ಎಳೆದುಕೊಳ್ಳುತ್ತದೆ. ಗಾಳಿ ಕಡಿಮೆ ಮಾಡಿ, ತಟ್ಟೆಯ ಸುತ್ತ ಎರಡು ಸೆಂ.ಮೀ. ಪಟ್ಟಿ ಕತ್ತರಿಸಿ ತೆಗೆಯುವ ಲೆಕ್ಕವನ್ನು ಮೊದಲೇ ಇಟ್ಟುಕೊಳ್ಳಿ. ಬಿಳಿ ಚುಕ್ಕೆಗಳು ಅರೆಬೆಂದ ಅಗರ್. ಮೂರನೆಯ ದಿನಕ್ಕೂ ಒದ್ದೆಯಿದ್ದರೆ ಬೂಷ್ಟು ಬರುವುದು ಖಚಿತ. ಬೂಷ್ಟು ತಡೆಯಲೆಂದು ಕುದಿಯುವಾಗಲೇ ವಿನೆಗರ್ ಹಾಕುವವರಿದ್ದಾರೆ. ಹಾಕಬೇಡಿ, ಬಿಸಿಯಲ್ಲಿ ಹುಳಿ ಅಗರ್‌ನ ಸರಪಳಿಯನ್ನು ತುಂಡರಿಸುತ್ತದೆ, ಹಾಳೆ ಜಾಳಾಗುತ್ತದೆ. ಮಳೆಗಾಲದಲ್ಲಿ ತಟ್ಟೆಯ ಮೇಲೆ 40 ವ್ಯಾಟ್ ಬಲ್ಬ್ ಉರಿಸಿಟ್ಟ ರಟ್ಟಿನ ಪೆಟ್ಟಿಗೆ, ಅದರ ಎರಡು ಬದಿ ತೂತು, ಒಂದು ಹಳೆಯ ಕಂಪ್ಯೂಟರ್ ಫ್ಯಾನ್ ಇದ್ದರೆ ಕೆಲಸ ನಡೆಯುತ್ತದೆ. ಬಲ್ಬ್ ರಟ್ಟಿಗೆ ತಾಗದಂತೆ ನೋಡಿಕೊಳ್ಳಿ, ರಾತ್ರಿ ಯಾರೂ ಇಲ್ಲದಾಗ ಉರಿಸಬೇಡಿ.

ನೀರಿಗೆ ಸ್ವಲ್ಪ ತಡೆಯುವ ಹಾಳೆ ಬೇಕೆಂದರೆ ಆಲ್ಜಿನೇಟ್

ಸೋಡಿಯಂ ಆಲ್ಜಿನೇಟ್, ಐಎನ್‌ಎಸ್ 401, ಕಂದು ಪಾಚಿಯಿಂದ ಬರುತ್ತದೆ. ಲಂಡನ್ನಿನ ನಾಟ್‌ಪ್ಲಾ ಕಂಪನಿ 2019ರ ಲಂಡನ್ ಮ್ಯಾರಥಾನ್‌ನಲ್ಲಿ ಓಟಗಾರರಿಗೆ ಪಾನೀಯ ತುಂಬಿದ, ನುಂಗಬಹುದಾದ ಪಾಚಿ ಗುಳಿಗೆಗಳನ್ನು ಹಂಚಿಸಿತ್ತು. ಆಲ್ಜಿನೇಟ್ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುವುದೇ ಅಂಥ ಗುಳಿಗೆಗಳ ಹಿಂದಿನ ರಸಾಯನ. ಇದಕ್ಕೆ ಒಲೆ ಬೇಡ.

400 ಮಿ.ಲೀ. ನೀರಿಗೆ 8 ಗ್ರಾಂ ಆಲ್ಜಿನೇಟ್ ಉದುರಿಸುತ್ತಾ ಹ್ಯಾಂಡ್ ಬ್ಲೆಂಡರ್ ಆಡಿಸಿ, 3.2 ಗ್ರಾಂ ಗ್ಲಿಸರಿನ್ ಸೇರಿಸಿ, ಮುಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಗುಳ್ಳೆ ಹೋಗಲು ಅಷ್ಟು ಹೊತ್ತು ಬೇಕೇ ಬೇಕು. ಬೆಳಿಗ್ಗೆ ತಟ್ಟೆಗೆ ಹೊಯ್ದು ಅಗರ್‌ನಂತೆಯೇ ಒಣಗಿಸಿ. ಒಣಗಿದ ಹಾಳೆಯನ್ನು 500 ಮಿ.ಲೀ. ನೀರಿಗೆ 10 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ದ್ರಾವಣದಲ್ಲಿ ಎರಡು ನಿಮಿಷ ಅದ್ದಿ, ಸಾದಾ ನೀರಿನಲ್ಲಿ ತೊಳೆಯಿರಿ. ನೀರಿನಲ್ಲಿ ಕರಗುತ್ತಿದ್ದ ಹಾಳೆ ಈಗ ಕರಗುವುದಿಲ್ಲ, ಉಬ್ಬುತ್ತದೆ ಅಷ್ಟೆ. ಮತ್ತೆ ಒಣಗುವಾಗ ಬಲವಾಗಿ ಕುಗ್ಗುವುದರಿಂದ ಕಸೂತಿ ಹಾಕುವ ಚೌಕಟ್ಟಿನಲ್ಲಿ ಬಿಗಿದು ಒಣಗಿಸಬೇಕು.

ಬೋರ್‌ವೆಲ್ ನೀರು ಮಾತ್ರ ಬೇಡ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ಇರುವುದರಿಂದ ಪುಡಿ ಬಿದ್ದ ಕೂಡಲೇ ಮೊಸರೊಡೆದಂತೆ ಗಂಟಾಗುತ್ತದೆ. ಆರ್‌ಒ ನೀರು ಅಥವಾ ಶೋಧಿಸಿದ ಮಳೆನೀರು ಬಳಸಿ. ಉಪ್ಪಿನಕಾಯಿಗೆ ಬೇಡ ಎಂದದ್ದಕ್ಕೂ ಕಾರಣ ಇಲ್ಲೇ ಇದೆ: ಉಪ್ಪಿನ ಸೋಡಿಯಂ ಹಾಳೆಯೊಳಗಿನ ಕ್ಯಾಲ್ಸಿಯಂನ ಜಾಗಕ್ಕೆ ಬರುತ್ತದೆ, ನಿಂಬೆಯ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳುತ್ತದೆ. ಎರಡೂ ಸೇರಿದರೆ ಹಾಳೆ ಲೋಳೆ.

ಅಂಚು ಮುಚ್ಚುವುದು

ಪ್ಲಾಸ್ಟಿಕ್ ಕಾದರೆ ಕರಗಿ ಬೆಸೆಯುತ್ತದೆ, ಒಣ ಅಗರ್ ಕಾದರೆ ಕಂದಾಗಿ ಸುಡುತ್ತದೆ. ಕಿರಾಣಿ ಅಂಗಡಿಯ ಸೀಲಿಂಗ್ ಯಂತ್ರ ಪ್ಲಾಸ್ಟಿಕ್ಕಿನ ಆ ಕರಗುವ ಗುಣವನ್ನು ನಂಬಿಯೇ ಇರುವುದು. ಅಲ್ಲಿಗೆ ಹಾಳೆ ಒಯ್ಯುವ ಮುಂಚೆ ಇದನ್ನು ತಿಳಿದಿರಬೇಕು. 2 ಪ್ರತಿಶತ ಅಗರ್ ದ್ರಾವಣವನ್ನು ಬಿಸಿಯಾಗಿರುವಾಗಲೇ ಸಣ್ಣ ಕುಂಚದಿಂದ 8 ಮಿ.ಮೀ. ಅಗಲ ಬಳಿದು, ಎರಡು ಪದರ ಒತ್ತಿ, ಮೇಲೆ ಪುಸ್ತಕ ಹೇರಿ ಹತ್ತು ನಿಮಿಷ ಬಿಡಿ, ಆಮೇಲೆ ಗಾಳಿಗೆ ಒಣಗಿಸಿ. ಆಲ್ಜಿನೇಟ್ ಚೀಲವಾದರೆ ಅಂಚನ್ನು ಬರೀ ನೀರಿನಿಂದ ಒದ್ದೆ ಮಾಡಿ ಒತ್ತಿದರೂ ಹಿಡಿಯುತ್ತದೆ, ಆದರೆ ಕ್ಯಾಲ್ಸಿಯಂನಲ್ಲಿ ಅದ್ದುವ ಮೊದಲೇ. ಅದ್ದಿದ ಮೇಲೆ ಯಾವುದಕ್ಕೂ ಅಂಟುವುದಿಲ್ಲ. ಮದುವೆ ಪತ್ರಿಕೆಗಂತೂ ಸೀಲ್ ಬೇಕೇ ಇಲ್ಲ: ಮಡಚಿ, ಒಂದು ಹನಿ ಅಗರ್ ಹಚ್ಚಿ, ಮೇಲೊಂದು ಕಾಗದದ ಮುದ್ರೆ.

ಮಾತಿಗಿಂತ ಮೊದಲು ಪರೀಕ್ಷೆ

ಐದು ಹಾಳೆ ಜೋಡಿಸಿ ಭೌತಶಾಸ್ತ್ರ ಪ್ರಯೋಗಾಲಯದ ಸ್ಕ್ರೂ ಗೇಜ್‌ನಲ್ಲಿ ಅಳೆಯಿರಿ, 0.30ರಿಂದ 0.35 ಮಿ.ಮೀ. ಬರಬೇಕು. ಹಾಳೆಯ ಮೇಲೆ ನಾಲ್ಕು ಹನಿ ಎಣ್ಣೆ ಬಿಟ್ಟು ಕೆಳಗೆ ಬಿಳಿ ಕಾಗದ ಇಡಿ. ಮರುದಿನ ಕಾಗದದಲ್ಲಿ ಕಲೆ ಕಂಡರೆ ಸೂಜಿರಂಧ್ರವಿದೆ.

ಮಳೆಗಾಲವನ್ನು ಡಬ್ಬಿಯೊಳಗೇ ತರಬಹುದು. ಅಡುಗೆ ಉಪ್ಪಿಗೆ ಸ್ವಲ್ಪವೇ ನೀರು ಹಾಕಿ ಕೆಸರಿನಂತೆ ಮಾಡಿ ಬಟ್ಟಲಲ್ಲಿಟ್ಟು, ಬಿಗಿ ಮುಚ್ಚಳದ ಡಬ್ಬಿಯೊಳಗೆ ಇಡಿ. ಒಳಗಿನ ಗಾಳಿಯ ತೇವಾಂಶ 75 ಪ್ರತಿಶತಕ್ಕೆ ಬಂದು ನಿಲ್ಲುತ್ತದೆ. ಅದರಲ್ಲಿ ನಿಮ್ಮ ಪೊಟ್ಟಣವನ್ನು ಮೂರು ದಿನ ಇಡಿ. ಅಂಟಂಟಾಗಿ ಆಕಾರ ಕಳೆದುಕೊಂಡರೆ ಆ ಅಳತೆಯನ್ನು ಕರಾವಳಿಗೆ ಒಯ್ಯುವಂತಿಲ್ಲ. ಇದೊಂದು ಪರೀಕ್ಷೆಯನ್ನು ಮಾಡದೆ ಬಿಟ್ಟರೆ ಉಳಿದದ್ದೆಲ್ಲ ಮಾಡಿಯೂ ಪ್ರಯೋಜನವಿಲ್ಲ.

ಕೊಳೆಯುತ್ತದೆ ಎಂದು ಹೇಳಬೇಕಾದರೆ ಹೂತು ನೋಡಿ. ಸೊಳ್ಳೆಪರದೆಯ ತುಂಡಿನಲ್ಲಿ ತೂಗಿದ ಹಾಳೆ ಕಟ್ಟಿ, ಸಗಣಿ ಗೊಬ್ಬರ ಬೆರೆಸಿದ ಮಣ್ಣಿನ ಕುಂಡದಲ್ಲಿ 5 ಸೆಂ.ಮೀ. ಆಳಕ್ಕೆ ಇಡಿ. ಪಕ್ಕದ ಕುಂಡಗಳಲ್ಲಿ ವೃತ್ತಪತ್ರಿಕೆ ತುಂಡು, ಪ್ಲಾಸ್ಟಿಕ್ ತುಂಡು. ವಾರಕ್ಕೊಮ್ಮೆ ತೆಗೆದು ಫೋಟೊ ಹಿಡಿಯಿರಿ. ಮಣ್ಣು ಒಣಗಿದರೆ ಕೊಳೆಯುವಿಕೆಯೂ ನಿಲ್ಲುತ್ತದೆ, ನೀರು ತಪ್ಪಿಸಬೇಡಿ.

ಖರ್ಚು

ಲೆಕ್ಕ ಬಾರದೆ ಅಂಗಡಿಯ ಮೆಟ್ಟಿಲು ಹತ್ತಬೇಡಿ. 6×8 ಸೆಂ.ಮೀ. ಪೊಟ್ಟಣಕ್ಕೆ ಎರಡೂ ಬದಿ ಮತ್ತು ಅಂಚು ಸೇರಿ ಸುಮಾರು 120 ಚದರ ಸೆಂ.ಮೀ. ಹಾಳೆ, ಅದರಲ್ಲಿ 0.7 ಗ್ರಾಂ ಅಗರ್. ಕಿಲೋಗೆ 2000 ರೂಪಾಯಿ ಎಂದಿಟ್ಟುಕೊಂಡರೆ ಅಗರ್ ಒಂದಕ್ಕೇ 1 ರೂಪಾಯಿ 40 ಪೈಸೆ. ಗ್ಯಾಸು, ಗ್ಲಿಸರಿನ್, ಹಾಳಾದದ್ದು, ಕೈಕೆಲಸ ಬೇರೆ. ಅಷ್ಟೇ ದೊಡ್ಡ ಪ್ಲಾಸ್ಟಿಕ್ ಪೊಟ್ಟಣ ಪೈಸೆಗಳ ಲೆಕ್ಕದಲ್ಲಿ ಬರುತ್ತದೆ. ಕುಂಕುಮದ ಪೊಟ್ಟಣಕ್ಕೆ ಈ ವ್ಯತ್ಯಾಸ ಭಾರ. ಐವತ್ತು ರೂಪಾಯಿಯ ಮದುವೆ ಪತ್ರಿಕೆಗೆ, ಕೈಯಲ್ಲಿ ಮಾಡಿದ ಸೋಪಿಗೆ ಭಾರವಲ್ಲ. ಕತ್ತರಿಸಿ ಉಳಿದ ಅಗರ್ ಅಂಚುಗಳನ್ನು ಡಬ್ಬಿಯಲ್ಲಿ ಕೂಡಿಡಿ. ನೀರು ಹಾಕಿ ಮತ್ತೆ ಕುದಿಸಿ ಹೊಯ್ಯಬಹುದು. ಅವುಗಳಲ್ಲಿ ಗ್ಲಿಸರಿನ್ ಆಗಲೇ ಇದೆ ಎಂಬುದು ನೆನಪಿರಲಿ.

ಬೆಲೆ ಇಳಿಯಬೇಕಾದರೆ ದೊಡ್ಡ ಪ್ರಮಾಣ ಬೇಕು, ಯಂತ್ರ ಬೇಕು. ಆ ಕೆಲಸದಲ್ಲಿ ತೊಡಗಿದವರಿದ್ದಾರೆ: ಅಮೆರಿಕದ ಸ್ವೇ, ಭಾರತದ ಝೀರೋಸರ್ಕಲ್, ಬ್ರಿಟನ್ನಿನ ನಾಟ್‌ಪ್ಲಾ, ಈ ಮೂರೂ ತೆಳು ಪ್ಲಾಸ್ಟಿಕ್ ಹಾಳೆಗೆ ಬದಲಿ ಹುಡುಕುವ ಟಾಮ್ ಫೋರ್ಡ್ ಪ್ರಶಸ್ತಿಯನ್ನು 2023ರಲ್ಲಿ ಹಂಚಿಕೊಂಡವು. ನಿಮ್ಮ ತಂಡದ ಗುರಿ ಅವರ ಜೊತೆ ಪೈಪೋಟಿಯಲ್ಲ. ಊರಿನ ಒಂದು ಅಂಗಡಿಯಲ್ಲಿ, ಒಂದು ವಸ್ತುವಿಗೆ ಇದು ನಡೆಯುತ್ತದೆಯೇ ಎಂದು ತೋರಿಸುವುದು.

ಅಂಗಡಿಯಲ್ಲಿ

ಪಾರದರ್ಶಕ ಹಾಳೆ ಕಂಡರೆ ಪಾಲಿಕೆಯವರಿಗೆ ಅದು ಪ್ಲಾಸ್ಟಿಕ್ಕೇ, ದಂಡ ಬೀಳುವುದು ಅಂಗಡಿಯವರಿಗೆ. ಆದ್ದರಿಂದ ಪ್ರಯೋಗಕ್ಕೆ ಮೊದಲು ಸ್ಥಳೀಯ ಸಂಸ್ಥೆಯ ಆರೋಗ್ಯ ನಿರೀಕ್ಷಕರಿಗೋ ಪರಿಸರ ಎಂಜಿನಿಯರರಿಗೋ ಹಾಳೆಯ ಮಾದರಿ, ಸಾಮಗ್ರಿಯ ಪಟ್ಟಿ, ಎಷ್ಟು ದಿನ, ಎಷ್ಟು ಪೊಟ್ಟಣ ಎಂಬ ವಿವರದ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿ ಅಂಗಡಿಯಲ್ಲಿರಲಿ. ಪೌರಕಾರ್ಮಿಕರಿಗೂ ಗುರುತು ಸಿಗಬೇಕು, ಇಲ್ಲವಾದರೆ ಹಸಿ ಕಸಕ್ಕೆ ಹೋಗಬೇಕಾದದ್ದು ಒಣ ಕಸದ ಪ್ಲಾಸ್ಟಿಕ್ ರಾಶಿ ಸೇರಿ ಅದನ್ನೂ ಕೆಡಿಸುತ್ತದೆ. ಗುರುತಿಗೆಂದು ದ್ರಾವಣಕ್ಕೆ ಸ್ವಲ್ಪ ಪಾಲಕ್ ರಸ ಬೆರೆಸಿದರೆ ಹಸಿರು ಬರುತ್ತದೆ. ಈ ಹಸಿರೂ ಅರಿಶಿನದ ಹಳದಿಯೂ ಬಿಸಿಲಿಗೆ ಮಾಸುತ್ತವೆ.

ಹಾಳೆಯ ಮೇಲೆ ಏನು ಬರೆಯುತ್ತೀರಿ ಎಂಬುದರಲ್ಲಿ ಎಚ್ಚರ. ಕಾಂಪೋಸ್ಟಬಲ್ (ಕೊಳೆತು ಗೊಬ್ಬರವಾಗುವ) ಪ್ಲಾಸ್ಟಿಕ್ ಎಂದು ಮಾರಲು ಐಎಸ್ 17088 ಎಂಬ ಭಾರತೀಯ ಮಾನಕಕ್ಕೆ ಹೊಂದಿರಬೇಕು, ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಪರಿಸರಸ್ನೇಹಿ ಎಂಬ ಪೊಳ್ಳು ಜಾಹೀರಾತಿನ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ‘ಅಗರ್, ನೀರು, ಗ್ಲಿಸರಿನ್‌ನಿಂದ ಮಾಡಿದ್ದು. ಹಸಿ ಕಸಕ್ಕೆ ಹಾಕಿ. ಒದ್ದೆ ಮಾಡಬೇಡಿ’ ಎಂದಷ್ಟೇ ಬರೆಯಿರಿ. ಮೂರೂ ನಿಜ. ಪಾಲಕ್ ರಸ ಬೆರೆಸಿದ್ದರೆ ಅದನ್ನೂ ಸೇರಿಸಿ. ಅಗರ್ ತಿನ್ನಬಹುದಾದ್ದೇ ಆದರೂ ನಿಮ್ಮ ಹಾಳೆ ‘ತಿನ್ನಬಹುದು’ ಎಂದು ಹೇಳಬೇಡಿ. ಅದು ತಯಾರಾದ ಕೋಣೆಗೆ ಆಹಾರದ ಪರವಾನಗಿ ಇಲ್ಲ. ತಿಂಡಿಗೆ ನೇರ ತಾಗುವ ಪ್ಯಾಕಿಂಗ್‌ಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮಗಳಿವೆ, ಆ ಮೆಟ್ಟಿಲು ನಂತರದ್ದು.

ಜನರೆದುರು ತೋರಿಸುವಾಗ ಎರಡು ಲೋಟ ಸಾಕು. ಕುದಿಯುವ ನೀರಿನ ಲೋಟಕ್ಕೆ ಎರಡು ಸೆಂ.ಮೀ. ತುಂಡು ಹಾಕಿ ಕಲಕಿದರೆ ಕೆಲವೇ ನಿಮಿಷದಲ್ಲಿ ಮಾಯ. ತಣ್ಣೀರಿನ ಲೋಟದಲ್ಲಿ ಅದೇ ತುಂಡು ಉಬ್ಬಿ ಹಾಗೇ ಉಳಿಯುತ್ತದೆ. ಮೊದಲನೆಯದನ್ನಷ್ಟೇ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಳ್ಳುವುದು ಸುಲಭ. ಎರಡನೆಯದನ್ನೂ ತೋರಿಸಿದರೆ ಅಂಗಡಿಯವರು ಸರಿಯಾದ ಪ್ರಶ್ನೆ ಕೇಳುತ್ತಾರೆ. ಪಾಚಿ ಕೃಷಿಯ ಇನ್ನೊಂದು ಮುಖವೂ ಗೊತ್ತಿರಲಿ: ಹೊರಗಿನಿಂದ ತಂದ ಕಪ್ಪಾಫೈಕಸ್ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಬಳಿ ಹವಳದ ಮೇಲೆ ಹಬ್ಬಿದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಯಾರಾದರೂ ಕೇಳಿಯೇ ಕೇಳುತ್ತಾರೆ.

ಒಂದು ಅಂಗಡಿ, 50 ಪೊಟ್ಟಣ, ಎರಡು ವಾರ. ಗಲ್ಲಾಪೆಟ್ಟಿಗೆಯ ಪಕ್ಕ ಲೆಕ್ಕ ಬರೆಯಲು ಒಂದು ಕಾಗದ: ಕೊಟ್ಟದ್ದೆಷ್ಟು, ಹರಿದದ್ದೆಷ್ಟು, ಅಂಟಿದ್ದೆಷ್ಟು, ಗಿರಾಕಿ ಬೇಡವೆಂದದ್ದೆಷ್ಟು. ಹರಿದವು ಐದಕ್ಕಿಂತ ಹೆಚ್ಚಾದರೆ ಅಂಚಿನ ಕೆಲಸಕ್ಕೆ ಮರಳಿ, ಅಂಟಿದ್ದು ಹೆಚ್ಚಾದರೆ ಗ್ಲಿಸರಿನ್‌ಗೆ. ಕೊನೆಯ ದಿನ ‘ಮುಂದಿನ ಇನ್ನೂರಕ್ಕೆ ದುಡ್ಡು ಕೊಡುತ್ತೀರಾ, ಎಷ್ಟು?’ ಎಂದು ಕೇಳಿ. ಉತ್ತರ ನಿಮ್ಮ ಖರ್ಚಿಗಿಂತ ಕಡಿಮೆಯಿದ್ದರೆ ವಸ್ತು ಬದಲಿಸಿ, ಅಂಗಡಿಯನ್ನಲ್ಲ.